ಲಾಸ್ ಏಂಜಲೀಸ್ ಪಕ್ಕದ ಆರ್ಟೀಷಿಯ: ಅಪ್ಪ-ಅಮ್ಮನ್ನ ಕರ್ಕೊಂಡು ಹೋದ್ರೆ ಅರ್ಧ ದಿನ ಸಾಕಾ?

ಚನ್ರಾಯಪಟ್ಣದ ಮಗಳು
ಎಲ್ಲರಿಗೂ ನಮಸ್ಕಾರ. ನಾವಿರೋದು ಅರಿಜೋನಾದ ಫೀನಿಕ್ಸ್‌ನಲ್ಲಿ. ಅಪ್ಪ-ಅಮ್ಮ ಊರಿಂದ ಬಂದು ಎರಡು ತಿಂಗಳಾಯ್ತು. ಮೊದಲ ಹದಿನೈದು ದಿನ ಎಲ್ಲಾ ಚೆನ್ನಾಗಿತ್ತು. ಈಗ ಅಪ್ಪ ಬೆಳಗ್ಗೆ ಎದ್ದು ಕಿಟಕಿ ಪಕ್ಕ ಕೂತ್ರೆ ಮಧ್ಯಾಹ್ನದ ತನಕ ಅಲ್ಲೇ. ಬೀದೀಲಿ ಒಂದು ನರಪಿಳ್ಳೆ ಓಡಾಡಲ್ಲ, ಯಾರನ್ನ ಮಾತಾಡಿಸ್ಲಿ ಅಂತಾರೆ.

ಅಮ್ಮನಿಗೆ ಸಮುದ್ರ ನೋಡೋ ಆಸೆ. ಅದಕ್ಕೇ ಈ ತಿಂಗಳ ಕೊನೇಲಿ ಕಾರಲ್ಲಿ ಲಾಸ್ ಏಂಜಲೀಸ್ ಕಡೆ ಹೊರಟಿದೀವಿ. ಭಾನುವಾರ ಸಂಜೆ ತಲುಪೋದು, ಸೋಮವಾರ ಸುತ್ತಾಟ, ಮಂಗಳವಾರ ವಾಪಸ್. ಆಫೀಸಲ್ಲಿ ಒಬ್ರು "ಆರ್ಟೀಷಿಯಾಗೆ ಹೋಗಿ, ಅಲ್ಲಿ ಪೂರ್ತಿ ನಮ್ಮೋರೇ" ಅಂದ್ರು. ಫೋಟೊ ನೋಡಿದ್ರೆ ಬರೀ ಸೀರೆ ಅಂಗಡಿ, ಒಡವೆ ಅಂಗಡಿ, ಸ್ವೀಟ್ ಅಂಗಡಿ. ಅಮ್ಮ ಖುಷಿಯಾಗಿ ಸುತ್ತುತಾರೆ. ಆದ್ರೆ ಅಪ್ಪನಿಗೆ ಎಪ್ಪತ್ತೊಂದು, ಅಂಗಡಿ ಅಂದ್ರೆ ಕಾರಿಂದಾನೇ ಇಳಿಯಲ್ಲ. ಅವರು ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ ಇಪ್ಪತ್ತೆಂಟು ವರ್ಷ ಕಾರ್ಯದರ್ಶಿ ಆಗಿದ್ದೋರು. ದಿನಾ ಎರಡು ಹೊತ್ತು ನೂರು ಜನರ ಜೊತೆ ಮಾತಾಡಿ ಅಭ್ಯಾಸ.

ಅಲ್ಲಿ ಅವರಿಗೆ ಏನಾದ್ರೂ ಇದೆಯಾ? ಅರ್ಧ ದಿನ ಸಾಕಾ? ಇನ್ನೊಂದು ವಿಷಯ, ಅಮ್ಮನಿಗೆ ಒಂದು ಕರಿಬೇವಿನ ಗಿಡ ಬೇಕಂತೆ. ನಮ್ಮನೇದು ಹೋದ ಬೇಸಿಗೆ ಬಿಸಿಲಿಗೆ ಒಣಗಿ ಹೋಯ್ತು.

ಇರ್ವೈನ್ ಇಡ್ಲಿ
ಮೊದಲು ದಿನ ಬದಲಾಯಿಸಿ. ಸೋಮವಾರ ಅಲ್ಲಿ ಬಹಳಷ್ಟು ಅಂಗಡಿ, ಹೋಟೆಲ್ ಬಾಗಿಲು ಹಾಕಿರತ್ತೆ. ಶನಿವಾರ-ಭಾನುವಾರ ಪೂರ್ತಿ ವ್ಯಾಪಾರ ಅಲ್ವಾ, ಅದಕ್ಕೆ ವಾರದ ರಜೆ ಸೋಮವಾರ. ನಮ್ಮ ಅತ್ತೆ-ಮಾವ ಬಂದಾಗ ಗೊತ್ತಿಲ್ಲದೆ ಸೋಮವಾರ ಹೋಗಿ, ಮುಚ್ಚಿದ ಷಟರ್ ನೋಡ್ಕೊಂಡು ಬಂದಿದೀವಿ.

ಕುಂದಾಪ್ರ ಕಡಲು
ಅರ್ಧ ದಿನ ಧಾರಾಳ ಆಯ್ತು ಮಾರಾಯ್ರೆ. ನಂಗೆ ಕೇಳಿದ್ರೆ ಎರಡು ಗಂಟೆ ಸಾಕು. ಎಂತ ಉಂಟು ಅಲ್ಲಿ? ಒಂದು ರಸ್ತೆ. 183ನೇ ಬೀದಿಯಿಂದ ಸೌತ್ ಸ್ಟ್ರೀಟ್ ತನಕ ಪಯೊನಿಯರ್ ಬುಲವಾರ್ಡ್, ಆಚೆ ಈಚೆ ಅಂಗಡಿ. ಊರಲ್ಲಿ ಇದಕ್ಕಿಂತ ದೊಡ್ಡ ಪೇಟೆ ಉಂಟು. ಸಮುದ್ರಕ್ಕೆ ಹೆಚ್ಚು ಸಮಯ ಇಡಿ. ಲಾಂಗ್ ಬೀಚ್ ಅಲ್ಲಿಂದ ಹತ್ತು ಮೈಲಿ ಅಷ್ಟೆ.

ಬೆಲ್‌ಫ್ಲವರ್ ಬಸಣ್ಣ
ಕಡಲು ಅವರೇ, ಸ್ವಲ್ಪ ತಡೀರಿ. ನಾನು ಪಕ್ಕದೂರಲ್ಲಿ ಇಪ್ಪತ್ತೆರಡು ವರ್ಷದಿಂದ ಇದೀನಿ. ಆರ್ಟೀಷಿಯ ಅಂದ್ರೆ ಒಂದು ರಸ್ತೆ ಅಂತ ಹೇಳೋರನ್ನ ಕಂಡ್ರೆ ನನಗೆ ಬೇಜಾರು. ಅದು ಬೇರೇನೇ ಒಂದು ಊರು. 1959ರಲ್ಲಿ ಸ್ವಂತ ನಗರಾಡಳಿತ ಆಗಿದ್ದು, ಮೇಯರ್ ಇದಾರೆ, ಕೌನ್ಸಿಲ್ ಇದೆ. 2020ರ ಜನಗಣತೀಲಿ 16,395 ಜನ. ವಿಸ್ತೀರ್ಣ ಒಂದೂವರೆ ಚದರ ಮೈಲಿಗಿಂತ ಒಂಚೂರು ಜಾಸ್ತಿ. ನಮ್ಮ ಕಡೆ ಆಗಿದ್ರೆ ಪಟ್ಟಣ ಪಂಚಾಯಿತಿ ಅಂತಿದ್ವಿ. ಮೂರು ಕಡೆ ಸೆರಿಟೋಸ್, ಉತ್ತರಕ್ಕೆ ನಾರ್ವಾಕ್.

ಮಗಳೇ, ನಿಮ್ಮ ಅಪ್ಪ ಹಾಲಿನ ಸಂಘದೋರು ಅಂದ್ರಲ್ಲ, ಅದಕ್ಕೇ ಬರೀತಿದೀನಿ. ಆ ಇಡೀ ಪ್ರದೇಶ ಒಂದು ಕಾಲಕ್ಕೆ ಹಾಲಿನ ಸೀಮೆ. ಈಗ ಸೆರಿಟೋಸ್ ಅಂತ ಕರೆಯೋ ಊರಿನ ಹೆಸರು 1956ರಲ್ಲಿ ಡೇರಿ ವ್ಯಾಲಿ. ಈಗಿನ ಲಾ ಪಾಲ್ಮ ಆಗ ಡೇರಿಲ್ಯಾಂಡ್. ಸೈಪ್ರೆಸ್ ಆಗ ಡೇರಿ ಸಿಟಿ. ಮೂರು ಊರು, ಮೂರಕ್ಕೂ ಹಾಲಿನ ಹೆಸರು! ಡೇರಿ ವ್ಯಾಲೀಲಿ ಮನುಷ್ಯರಿಗಿಂತ ಹಸುಗಳೇ ಹೆಚ್ಚು. ನಡೆಸ್ತಿದ್ದೋರು ಹಾಲೆಂಡಿನಿಂದ ಬಂದ ಡಚ್ಚರು ಮತ್ತು ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪದೋರು.

ಇಲ್ಲಿ ಹಸುಗಳಿಗೆ ಹುಲ್ಲುಗಾವಲು ಇರಲಿಲ್ಲ. ಚಿಕ್ಕ ಜಾಗದಲ್ಲಿ ದೊಡ್ಡಿ ಮಾಡಿ ಹಸು ನಿಲ್ಸಿ, ಒಣಹುಲ್ಲನ್ನ ಹೊರಗಿಂದ ಲಾರೀಲಿ ತರಿಸಿ ಹಾಕೋದು. ಯಾಕಂದ್ರೆ ಪಕ್ಕದಲ್ಲೇ ಲಾಸ್ ಏಂಜಲೀಸ್ ಅನ್ನೋ ದೊಡ್ಡ ಬಾಯಿ. ಹಾಲು ಬೆಳಗಾಗೋದ್ರೊಳಗೆ ಪಟ್ಟಣ ಸೇರ್ಬೇಕು, ಹುಲ್ಲು ಎಷ್ಟು ದೂರದಿಂದ ಬಂದ್ರೂ ನಡೆಯತ್ತೆ. ಆಮೇಲೆ ಮನೆ ಕಟ್ಟೋರು ಬಂದ್ರು, ಜಮೀನಿನ ಬೆಲೆ ಏರ್ತು, ಅದರ ಜೊತೆ ತೆರಿಗೇನೂ ಏರ್ತು. ಡೇರಿಯೋರು ಮಾರ್ಕೊಂಡು ಇದೇ ರಾಜ್ಯದ ಚೀನೋ ಅನ್ನೋ ಊರಿನ ಕಡೆ ಹೋದ್ರು. ಅಲ್ಲೂ ಅದೇ ಕಥೆ ಆಗಿ ಟುಲೇರಿ ಕಡೆ ಹೋದ್ರು. 1967ರಲ್ಲಿ ಡೇರಿ ವ್ಯಾಲಿ ಹೆಸರು ಬದಲಾಯಿಸ್ಕೊಂಡು ಸೆರಿಟೋಸ್ ಆಯ್ತು.

ಚನ್ರಾಯಪಟ್ಣದ ಮಗಳು
ಬಸಣ್ಣಾವ್ರೆ, ಇದನ್ನ ಈಗ ತಾನೇ ಅಪ್ಪನಿಗೆ ಓದಿ ಹೇಳಿದೆ. ಕಿಟಕಿ ಬಿಟ್ಟು ಎದ್ದು ಬಂದು ಪಕ್ಕದಲ್ಲಿ ಕೂತ್ರು. "ಒಣಮೇವಲ್ಲಿ ಫ್ಯಾಟ್ ಎಷ್ಟು ಬರ್ತಿತ್ತಂತೆ, ಕೇಳು" ಅಂತಿದಾರೆ. ಎರಡು ತಿಂಗಳಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ಇದು.

ಇರ್ವೈನ್ ಇಡ್ಲಿ
ನನಗೂ ಇದು ಗೊತ್ತಿರಲಿಲ್ಲ. ಹತ್ತು ವರ್ಷದಿಂದ ಅಲ್ಲಿಗೆ ಹೋಗಿ ಹುಬ್ಬು ತಿದ್ದಿಸ್ಕೊಂಡು, ಬೇಳೆ-ಅಕ್ಕಿ ತಗೊಂಡು ಬರ್ತಿದೀನಿ.

ಬಾವಿಕಟ್ಟೆ
ಹೆಸರಿನ ಅರ್ಥಾನೂ ಕೇಳಿ. ಆರ್ಟೀಷಿಯನ್ ಬಾವಿಯಿಂದ ಬಂದಿದ್ದು. ಎರಡು ಜೇಡಿಪದರದ ನಡುವೆ ನೀರು ಒತ್ತಡದಲ್ಲಿ ಸಿಕ್ಕಿ ಹಾಕ್ಕೊಂಡಿರತ್ತೆ, ಮೇಲಿಂದ ಕೊರೆದ ತಕ್ಷಣ ಪಂಪಿನ ಹಂಗಿಲ್ಲದೆ ತಾನಾಗೇ ಉಕ್ಕತ್ತೆ. 1870ರ ದಶಕದಲ್ಲಿ ಅಲ್ಲಿ ಅಂಥ ಬಾವಿಗಳಿದ್ದವು, ಅದನ್ನ ನಂಬಿ ಬೇಸಾಯ, ಬೇಸಾಯ ನಂಬಿ ಊರು. ಹಳೇ ನೀರಿನ ಟ್ಯಾಂಕ್ ಒಂದು ಇವತ್ತಿಗೂ ಊರಲ್ಲಿ ನಿಂತಿದೆ, ನೋಡ್ಕೊಂಡು ಬನ್ನಿ.

ಹುಷಾರು, ನ್ಯೂ ಮೆಕ್ಸಿಕೋದಲ್ಲೂ ಒಂದು ಆರ್ಟೀಷಿಯ ಇದೆ, ಅದೂ ಬಾವಿಯ ಹೆಸರೇ. ಫೀನಿಕ್ಸ್‌ನಿಂದ ಮ್ಯಾಪ್ ಹಾಕುವಾಗ ಕ್ಯಾಲಿಫೋರ್ನಿಯಾ ಅಂತ ಸೇರಿಸಿ.

ಓದೋ ಹುಡುಗ
ಇನ್ನೊಂದು ಹುಷಾರು. ಕಾರಿಲ್ಲದೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಇಲ್ಲಿಗೆ ಬಂದ ಹೊಸದರಲ್ಲಿ ಯುಗಾದಿ ಹಿಂದಿನ ದಿನ ಬೇವು-ಬೆಲ್ಲ ತರೋಣ ಅಂತ ಮೆಟ್ರೋ ಎ ಲೈನ್ ಹತ್ತಿದೆ. ಪಟ್ಟೀಲಿ "ಆರ್ಟೀಷಿಯ" ಅಂತ ನಿಲ್ದಾಣ ಇತ್ತು, ಇಳಿದೆ. ಇಳಿದು ನೋಡಿದ್ರೆ ಕಾಂಪ್ಟನ್! ಅದು ಆರ್ಟೀಷಿಯ ಬುಲವಾರ್ಡ್ ಅನ್ನೋ ರಸ್ತೆಯ ಹೆಸರಿನ ನಿಲ್ದಾಣ, ಊರಿನದಲ್ಲ. ಊರು ಅಲ್ಲಿಂದ ಪೂರ್ವಕ್ಕೆ ಏಳೆಂಟು ಮೈಲಿ. ಕತ್ತಲಾಗ್ತಿತ್ತು, ಫೋನಲ್ಲಿ ಚಾರ್ಜ್ ಎಂಟು ಪರ್ಸೆಂಟ್. ನಿಲ್ದಾಣದಲ್ಲಿದ್ದ ಒಬ್ಬ ಅಜ್ಜಿ ನನ್ನ ಮುಖ ನೋಡಿ, ಬಸ್ ಬರೋ ತನಕ ಜೊತೇಲಿ ನಿಂತ್ರು. ಅವರ ಹೆಸರೂ ಕೇಳ್ಲಿಲ್ಲ ಅನ್ನೋದು ಇವತ್ತಿಗೂ ಮನಸ್ಸಲ್ಲಿದೆ.

ರೈಲಲ್ಲಿ ಬರೋರು ಸಿ ಲೈನ್ ಹಿಡಿದು ಕೊನೇ ನಿಲ್ದಾಣ ನಾರ್ವಾಕ್‌ಗೆ ಬನ್ನಿ, ಟಿಕೆಟ್ 1.75 ಡಾಲರ್. ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ.

ಬಾವಿಕಟ್ಟೆ
ಮುಂದೆ ಈ ತೊಂದರೆ ಇರಲ್ಲ. ಸೌತ್‌ಈಸ್ಟ್ ಗೇಟ್‌ವೇ ಅಂತ ಹೊಸ ಮೆಟ್ರೋ ಮಾರ್ಗ ಬರ್ತಿದೆ, ಮೊದಲ ಹಂತ 14.5 ಮೈಲಿ, ಕೊನೇ ನಿಲ್ದಾಣ ಆರ್ಟೀಷಿಯ ಊರೊಳಗೇ, ಹೆಸರು ಪಯೊನಿಯರ್. 2035ರ ಹೊತ್ತಿಗೆ ಅನ್ನೋದು ಗುರಿ. ಇದು ಪೂರ್ತಿ ಹೊಸ ದಾರೀನೂ ಅಲ್ಲ. 1905ರಿಂದ ಪೆಸಿಫಿಕ್ ಎಲೆಕ್ಟ್ರಿಕ್ ಅನ್ನೋ ಟ್ರಾಮ್ ಕಂಪನಿಯ ಬೋಗಿಗಳು ಸಾಂಟಾ ಆನಾ ತನಕ ಓಡ್ತಿದ್ದ ಹಳೇ ಹಳಿಯ ಜಾಗವೇ.

ಕುಂದಾಪ್ರ ಕಡಲು
2035ರಲ್ಲಿ ಬರುವ ರೈಲಿಗೆ ಈಗ ಎಂತ ಮಾಡುದು ಬಾವಿಕಟ್ಟೆಯವ್ರೆ, ಅವ್ರು ಹೋಗುದು ಈ ತಿಂಗಳು. ಊಟ ಎಲ್ಲಿ ಅಂತ ಯಾರಾದ್ರೂ ಹೇಳಿ.

ಇರ್ವೈನ್ ಇಡ್ಲಿ
ಚಾಟ್, ಫರ್ಸಾಣ್, ಗುಜರಾತಿ ತಿಂಡಿಗೆ ಸೂರತಿ ಫರ್ಸಾಣ್ ಮಾರ್ಟ್. ಪಯೊನಿಯರ್‌ನಿಂದ ಪಕ್ಕದ 186ನೇ ಬೀದಿಗೆ ತಿರುಗಿದ್ರೆ ಸಿಗತ್ತೆ. ಪೂರ್ತಿ ಸಸ್ಯಾಹಾರ, ನಿಮ್ಮಮ್ಮ ಯೋಚನೆ ಇಲ್ಲದೆ ತಿನ್ನಬಹುದು. ದೋಸೆಗೆ ಪಯೊನಿಯರ್ ಮೇಲೇ ದಕ್ಷಿಣದ ಹೋಟೆಲುಗಳಿವೆ. ಸ್ವೀಟ್ ತಗೊಳೋ ಮುಂಚೆ ಯಾವತ್ತು ಮಾಡಿದ್ದು ಅಂತ ಕೇಳಿ. ಒಂದ್ಸಲ ಒಂದು ಅಂಗಡೀಲಿ ಕೊಟ್ಟ ಬರ್ಫಿ ಮನೆಗೆ ಬಂದು ತೆಗೆದ್ರೆ ಹುಳಿ ವಾಸನೆ. ಅಷ್ಟು ದೂರ ವಾಪಸ್ ಹೋಗೋಕಾಗತ್ತಾ?

ಏಪ್ರಿಲ್‌ನಿಂದ ಜೂನ್ ಒಳಗೆ ಹೋದ್ರೆ ನಮ್ಮ ಮಾವಿನ ಹಣ್ಣು, ಆಪೂಸ್, ಕೇಸರ್ ಬಾಕ್ಸ್ ಬಂದಿರತ್ತೆ. 2007ರಲ್ಲಿ ಅಮೆರಿಕ ಬಾಗಿಲು ತೆಗೆದ ಮೇಲೆ, ವಿಕಿರಣದ ಶುದ್ಧೀಕರಣ ಮುಗಿಸಿದ ಹಣ್ಣಿಗೆ ಮಾತ್ರ ಪ್ರವೇಶ. ಬೆಲೆ ಕೇಳಿದ್ರೆ ಎದೆ ಝಲ್ ಅನ್ನತ್ತೆ, ಆದ್ರೂ ಬಾಕ್ಸ್ ತೆಗೆದಾಗ ಬರೋ ಪರಿಮಳಕ್ಕೆ ತಗೊಂಡೇಬಿಡ್ತೀವಿ.

ರಾತ್ರಿಪಾಳಿ ಲಕ್ಷ್ಮಿ
ನಾನು ಆ ಕಡೆ ಆಸ್ಪತ್ರೆ ಒಂದರಲ್ಲಿ ನರ್ಸ್. ನಮ್ಮ ವಾರ್ಡಲ್ಲಿ ಅರ್ಧ ಜನ ಫಿಲಿಪಿನೋಗಳು, ಎಷ್ಟೋ ಜನರ ಮನೆ ಆರ್ಟೀಷಿಯ, ಸೆರಿಟೋಸ್, ನಾರ್ವಾಕ್‌ನಲ್ಲೇ. ಪಯೊನಿಯರ್‌ನಲ್ಲಿ ನಮ್ಮೋರ ಅಂಗಡಿ ಸಾಲು ಇದೆ ಅಂತ ಊರೇ ನಮ್ಮದು ಅಂದ್ಕೋಬೇಡಿ. ಆ ಅಂಗಡಿ ಇಟ್ಟೋರು ಎಷ್ಟೋ ಜನ ಬೇರೆ ಊರಲ್ಲಿ ಮನೆ ಮಾಡಿದಾರೆ. ಊರೊಳಗೆ ಮೆಕ್ಸಿಕನ್ನರು, ಫಿಲಿಪಿನೋ, ಚೀನೀಯರು, ಕೊರಿಯನ್ನರು, ಪೋರ್ಚುಗೀಸರು ಎಲ್ಲಾ ಇದಾರೆ. ಹೋಲಿ ಫ್ಯಾಮಿಲಿ ಚರ್ಚಲ್ಲಿ ಒಂದಕ್ಕಿಂತ ಹೆಚ್ಚು ಭಾಷೇಲಿ ಪೂಜೆ ನಡೆಯತ್ತೆ.

ಸೌತ್ ಸ್ಟ್ರೀಟ್ ಕಡೆ ಫಿಲಿಪಿನೋ ಬೇಕರಿಗಳಿಗೆ ಹೋಗಿ. ಉಬೆ ಅಂತ ನೇರಳೆ ಗೆಣಸು, ಅದರ ಕೇಕ್ ಬಣ್ಣ ನೋಡಿದ್ರೆ ಮಕ್ಕಳು ಕುಣೀತಾರೆ. ಪಾತ್ರೆ ತುಂಬ ಅನ್ನ ಮಾಡಿಟ್ಟು, ಮನೆಗೆ ಬಂದೋರಿಗೆ "ಊಟ ಆಯ್ತಾ" ಅಂತ ಮೊದಲು ಕೇಳೋ ಜನ ಅವರು. ರಾತ್ರಿ ಪಾಳೀಲಿ ನನ್ನ ಚಿತ್ರಾನ್ನ ಅವರಿಗೆ, ಅವರ ಅನ್ನದ ಸಿಹಿ ನನಗೆ.

ಹಳೇ ಮೈಸೂರು
ಹೆಸರಿನ ಜಗಳ ಇದೇ ಅಲ್ವಾ. ಲಿಟಲ್ ಇಂಡಿಯಾ ಅಂತ ಅಧಿಕೃತವಾಗಿ ಕರೀಬೇಕು ಅಂತ ನಮ್ಮ ವ್ಯಾಪಾರಿಗಳು ವರ್ಷಗಟ್ಟಲೆ ಕೇಳಿದ್ರು. ಊರಿನ ಬೇರೆಯೋರು ಒಪ್ಪಲಿಲ್ಲ. ಕೊನೆಗೆ "ಅಂತರರಾಷ್ಟ್ರೀಯ ಸಾಂಸ್ಕೃತಿಕ" ಅನ್ನೋ ಹೆಸರಿಗೆ ಬಂದು ನಿಂತ್ತು. 70ರ ದಶಕದಿಂದ ಬೆವರು ಸುರಿಸಿ ಪಾಳು ಬೀಳ್ತಿದ್ದ ರಸ್ತೆಗೆ ಜೀವ ಕೊಟ್ಟೋರಿಗೆ ಒಂದು ಫಲಕ ಕೊಡೋಕೆ ಇಷ್ಟು ಲೆಕ್ಕಾಚಾರ ಯಾಕೆ ಅನ್ನೋದು ನನ್ನ ಪ್ರಶ್ನೆ.

ರಾತ್ರಿಪಾಳಿ ಲಕ್ಷ್ಮಿ
ಸರ್, ನಮಗಿಂತ ಐವತ್ತು ವರ್ಷ ಮೊದಲು ಬಂದು ಅಲ್ಲಿ ಸಗಣಿ ಬಾಚಿದೋರು ಇದಾರಲ್ಲ, ಅವರು "ಲಿಟಲ್ ಪೋರ್ಚುಗಲ್" ಫಲಕ ಕೇಳಲಿಲ್ಲ. ಊರು ಎಲ್ಲರದೂ.

ಹಳೇ ಮೈಸೂರು
ಕೇಳಲಿಲ್ಲ ಅಂದ್ರೆ ಕೇಳಬಾರದು ಅಂತಲ್ಲ ತಂಗಿ. ಚೈನಾಟೌನ್‌ಗೆ ಫಲಕ ಇದೆ, ಕೊರಿಯಾಟೌನ್‌ಗೆ ಇದೆ, ಲಿಟಲ್ ಟೋಕಿಯೋಗೆ ಇದೆ. ನಮ್ಮೋರು ಕೇಳಿದಾಗ ಮಾತ್ರ ಊರು ಎಲ್ಲರದೂ ಅಂತ ನೆನಪಾಗೋದು ಹೇಗೆ?

ಬೆಲ್‌ಫ್ಲವರ್ ಬಸಣ್ಣ
ಆ ಮೂರೂ ಲಾಸ್ ಏಂಜಲೀಸ್ ನಗರದೊಳಗಿನ ಬಡಾವಣೆ. ಲಕ್ಷಾಂತರ ಜನರ ಊರಲ್ಲಿ ಒಂದು ಮೂಲೆಗೆ ಒಂದು ಹೆಸರು ಕೊಟ್ರೆ ನಡೆಯತ್ತೆ. ಹದಿನಾರು ಸಾವಿರ ಜನರ ಊರಲ್ಲಿ ಮುಖ್ಯ ಬೀದಿಗೇ ಒಂದು ದೇಶದ ಹೆಸರಿಟ್ರೆ, ಉಳಿದೋರಿಗೆ ಎಲ್ಲಿ ಜಾಗ? ಇಬ್ಬರೂ ಹೇಳೋದ್ರಲ್ಲಿ ನ್ಯಾಯ ಇದೆ, ಆದ್ರೆ ಮನಸ್ಸು ಲಕ್ಷ್ಮಿ ಅವರ ಕಡೆ.

ಅಜೋರ್ಸ್‌ನೋರ ವಿಷಯ ಬಂತಲ್ಲ, ಅವರ ಸಭಾಭವನ ಊರಲ್ಲಿದೆ, ಡಿಇಎಸ್ ಅಂತಾರೆ, ಪೋರ್ಚುಗೀಸಲ್ಲಿ ಪವಿತ್ರಾತ್ಮ ಅನ್ನೋದರ ಚಿಕ್ಕ ರೂಪ. ಈಸ್ಟರ್ ಆದ ಐವತ್ತನೇ ದಿನದ ಹಬ್ಬದ ಹೊತ್ತಿಗೆ, ಮೇ-ಜೂನ್‌ನಲ್ಲಿ, ಅಲ್ಲಿ ಫೆಸ್ಟಾ ನಡೆಯತ್ತೆ. ಇಸಬೆಲ್ ಅಂತ ಅವರ ಹಳೇ ರಾಣಿ ಒಬ್ಬಳು ಬಡವರಿಗೆ ಅನ್ನ ಹಾಕಿದ್ದರ ನೆನಪಿಗೆ ಚಿಕ್ಕ ಹುಡುಗಿಯರು ಕಿರೀಟ ಹೊತ್ತು ಮೆರವಣಿಗೆ ಹೋಗ್ತಾರೆ, ಆಮೇಲೆ ಬಂದೋರಿಗೆಲ್ಲ ಪುಕ್ಕಟೆ ಊಟ. ಯಾರು ಏನು ಅಂತ ಕೇಳಲ್ಲ. ನಮ್ಮ ದಾಸೋಹದ ಥರ. ಊಟ ಮಾತ್ರ ಗೋಮಾಂಸದ ಸಾರಲ್ಲಿ ನೆನೆಸಿದ ಬ್ರೆಡ್ಡು, ನಿಮ್ಮನೆಯೋರಿಗೆ ಆಗಲ್ಲ. ಮೆರವಣಿಗೆ ನೋಡಿ ಬರಬಹುದು.

ಹಾವೇರಿ ಹೋರಿ
ಬಸಣ್ಣಾರ, ಮುಖ್ಯ ವಿಷಯಾನ ಬಿಟ್ರಲ್ರಿ! ಆ ಮಂದಿ ಅಲ್ಲಿ ಗೂಳಿ ಕಾಳಗಾನೂ ಮಾಡತಾರ. ಕ್ಯಾಲಿಫೋರ್ನಿಯಾದಾಗ 1957ರಾಗ ಗೂಳಿ ಕಾಳಗ ಬಂದ್ ಮಾಡಿದ್ರು, ಆದ್ರ ಹಬ್ಬದ ಜೋಡಿ ನಡಿಯೋ ರಕ್ತ ಇಲ್ಲದ ಆಟಕ್ಕ ಅನುಮತಿ ಐತಿ. ಗೂಳಿ ಬೆನ್ನ ಮ್ಯಾಲ ವೆಲ್ಕ್ರೋ ಪಟ್ಟಿ ಅಂಟಿಸಿರತಾರ. ಕುದರಿ ಮ್ಯಾಲ ಕುಂತಾಂವ ಚೂಪ ಈಟಿ ಬದಲಿ ವೆಲ್ಕ್ರೋ ತುದಿ ಇರೋ ಕೋಲ ಹಚ್ಚತಾನ, ಅದು ಚರ್ಮಕ್ಕ ತಾಗೂದಿಲ್ಲ, ಪಟ್ಟಿಗೆ ಅಂಟತೈತಿ. ಕೋಡಿಗೆ ತೊಗಲಿನ ಹೊದಿಕಿ. ಕಡೀಕ ಎಂಟ ಮಂದಿ ಸಾಲ ಹಚ್ಚಿ ನಿಂತು, ಮುಂದಿನಾಂವ ಸೊಂಟಕ್ಕ ಕೈ ಕೊಟ್ಟು ಗೂಳೀನ ಕರೀತಾನ. ಅದು ಓಡಿ ಬಂದು ಎದಿಗೆ ಗುದ್ದತೈತಿ. ಇಂವ ಕೋಡ ನಡಬರಕ ಬಿದ್ದು ಕುತಿಗಿ ತಬ್ಬಿಕೊಳ್ಳತಾನ, ಉಳದಾವ್ರು ಹಿಂದಿಂದ ಬಂದು ಹಿಡೀತಾರ.

ನಾ ಒಮ್ಮೆ ನೋಡೇನ್ರಿ. ನಮ್ಮ ಕಡೆ ದೀಪಾವಳಿಗೆ ಹೋರಿಗೆ ಕೊಬ್ಬರಿ ಸರ ಕಟ್ಟಿ ಬಿಡತಾರಲ್ಲ, ಹುಡುಗೂರು ಹರಕೊಳ್ಳಾಕ ಓಡತಾರಲ್ಲ, ಥೇಟ್ ಅದ ಧೂಳು, ಅದ ಕೂಗು. ಪಕ್ಕದಾಗ ಕುಂತ ಮುದುಕ ಎದ್ದ ನಿಂತು ಟೊಪಗಿ ಬೀಸಿದಾಗ ನನ್ನ ಕಣ್ಣಾಗ ನೀರ ಬಂತು. ನಮ್ಮ ಅಜ್ಜಾನೂ ರುಮಾಲ ಹಂಗ ಬೀಸತಿದ್ದ.

ಮಲೆನಾಡ ಮಳೆ
ರಕ್ತ ಬರಲ್ಲ ಅಂದ ಮಾತ್ರಕ್ಕೆ ಅದು ಹಿಂಸೆ ಅಲ್ಲ ಅಂತ ಆಗತ್ತಾ? ಮೂಕ ಪ್ರಾಣೀನ ಕೆಣಕಿ, ಹೆದರಿಸಿ, ಎಂಟು ಜನ ಮೇಲೆ ಬಿದ್ದು... ನಮ್ಮ ಕಡೆ ಹೋರಿ ಬೆದರಿಸೋದ್ರಲ್ಲಿ ಜನಾನೇ ಸತ್ತಿದಾರೆ. ಇದನ್ನ ಸಂಸ್ಕೃತಿ ಅಂತ ಮೆಚ್ಚೋಕೆ ನನ್ನಿಂದ ಆಗಲ್ಲ.

ಹಾವೇರಿ ಹೋರಿ
ಅಕ್ಕಾರ, ಹೋರೀನ ಮಗನಂಗ ಸಾಕಾವ್ರು ನಾವು. ಹುರಳಿ, ಹತ್ತಿಕಾಳ ನಾವು ತಿನ್ನೂಕಿಂತ ಮೊದಲ ಅದಕ್ಕ ಇಡತೀವಿ. ನಿಮ್ಮ ಮಾತಿಗೆ ಸಿಟ್ಟಿಲ್ಲ, ಆದ್ರ ಸಾಕಿದವ್ರನ್ನ ಕೇಳ್ರಿ ಒಂದಸಲ.

ಮಲೆನಾಡ ಮಳೆ
ಸಾಕೋದನ್ನ ನಾನು ತಪ್ಪು ಅಂದಿಲ್ಲ ಅಣ್ಣ. ಬೆದರಿಸೋದನ್ನ ಅಂದೆ. ಅದ್ರಲ್ಲಿ ನನ್ನ ಮಾತು ಬದಲಾಗಲ್ಲ.

ರಿವರ್‌ಸೈಡ್ ರೈತ
ಹೋರಿ ಆಮೇಲೆ. ಕರಿಬೇವಿನ ಗಿಡದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದೇ ಇಲ್ಲಿ ಮುಖ್ಯ. ದಯವಿಟ್ಟು ಗಿಡ ತಗೊಂಡು ಅರಿಜೋನಾಗೆ ಹೋಗ್ಬೇಡಿ.

ಕರಿಬೇವು ನಿಂಬೆ-ಕಿತ್ತಳೆ ಜಾತಿಗೆ ಸೇರಿದ್ದು. ಏಷ್ಯನ್ ಸಿಟ್ರಸ್ ಸಿಲ್ಲಿಡ್ ಅಂತ ಎಳ್ಳುಕಾಳಿನಷ್ಟು ಒಂದು ಕೀಟ ಇದೆ, ಅದಕ್ಕೆ ಕರಿಬೇವಿನ ಚಿಗುರು ಅಂದ್ರೆ ಪ್ರಾಣ. ಕ್ಯಾಲಿಫೋರ್ನಿಯಾದಲ್ಲಿ ಅದು ಮೊದಲು ಸಿಕ್ಕಿದ್ದು 2008ರಲ್ಲಿ. ಆ ಕೀಟ ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತೊಯ್ಯೋ ರೋಗಕ್ಕೆ ಕಿತ್ತಳೆ, ನಿಂಬೆ ಗಿಡ ಒಣಗಿ ಸಾಯತ್ತೆ, ಹಣ್ಣು ಹಸಿರಾಗೇ ಕಹಿಯಾಗಿ ಉಳಿಯತ್ತೆ. ಮದ್ದಿಲ್ಲ, ಗಿಡ ಕಡಿದು ಹಾಕೋದೊಂದೇ ದಾರಿ. ಆ ರೋಗ ರಾಜ್ಯದಲ್ಲಿ ಮೊದಲು ಕಾಣಿಸಿದ್ದು 2012ರಲ್ಲಿ ಹಸಿಯೆಂಡಾ ಹೈಟ್ಸ್‌ನ ಒಂದು ಮನೆ ಹಿತ್ತಲಲ್ಲಿ, ಆರ್ಟೀಷಿಯಾದಿಂದ ದೂರವೇನಲ್ಲ. ಆ ಇಡೀ ಭಾಗ ಈಗ ಕ್ವಾರಂಟೈನ್ ಪ್ರದೇಶ. ಅಲ್ಲಿಂದ ಕರಿಬೇವಿನ ಗಿಡ ಹೊರಗೆ ಒಯ್ಯೋ ಹಾಗಿಲ್ಲ. ನಾನು ಇಲ್ಲಿ ಕಿತ್ತಳೆ ತೋಟದಲ್ಲಿ ಕೆಲಸ ಮಾಡ್ತೀನಿ, ನನಗಿದು ಪುಸ್ತಕದ ಮಾತಲ್ಲ.

ಕುಂದಾಪ್ರ ಕಡಲು
ಒಂದು ಸಣ್ಣ ಚಟ್ಟಿ ಗಿಡ ಡಿಕ್ಕಿಯಲ್ಲಿಟ್ಟು ಹೋದ್ರೆ ಯಾರು ನೋಡ್ತಾರೆ? ಗಡಿಯಲ್ಲಿ ಬ್ಲೈತ್ ಊರಿನ ಹತ್ರ ತಪಾಸಣೆ ಇರುದು ಒಳಗೆ ಬರುವವರಿಗೆ ಅಲ್ವಾ, ಹೋಗುವವರಿಗೆ ಅಲ್ಲ.

ರಿವರ್‌ಸೈಡ್ ರೈತ
ಯಾರೂ ನೋಡಲ್ಲ ನಿಜ. ಚಿಗುರಲ್ಲಿ ಇಟ್ಟಿರೋ ಮೊಟ್ಟೆ ನಿಮಗೂ ಕಾಣಲ್ಲ. ಅವರ ಪಕ್ಕದ ಮನೆ ನಿಂಬೆಗಿಡಕ್ಕೆ ಅದು ಹಾರತ್ತೆ. ಊರಲ್ಲಿ ತೆಂಗಿಗೆ ನುಸಿ ಬಂದಾಗ ಒಬ್ಬರ ತೋಟದಲ್ಲಿ ನಿಂತಿತ್ತಾ ಹೇಳಿ.

ಕುಂದಾಪ್ರ ಕಡಲು
ತೆಂಗಿನ ನುಸಿ ಹೇಳಿದ ಮೇಲೆ ನಂಗೆ ಮಾತಿಲ್ಲ. ನಮ್ಮ ತೋಟದಲ್ಲಿ ಅನುಭವಿಸಿದ್ದೇವೆ. ಸರಿ, ಬೇಡ.

ಚನ್ರಾಯಪಟ್ಣದ ಮಗಳು
ಅಮ್ಮನಿಗೆ ಹೇಳಿದೆ, ಒಪ್ಪಿದ್ರು. ಇಲ್ಲೇ ಅರಿಜೋನಾದ ನರ್ಸರೀಲಿ ಕೇಳ್ತೀನಿ. ದಿನಾನೂ ಬದಲಾಯಿಸಿದ್ವಿ, ಶುಕ್ರವಾರ ರಾತ್ರಿ ಹೊರಡೋದು. ಬಸಣ್ಣಾವ್ರೆ, ಮೊದಲು ಎಲ್ಲಿಗೆ ಹೋಗಲಿ?

ಬೆಲ್‌ಫ್ಲವರ್ ಬಸಣ್ಣ
91ನೇ ಹೆದ್ದಾರೀಲಿ ಬಂದ್ರೆ ಪಯೊನಿಯರ್ ಅಂತಲೇ ಇಳಿಯೋ ದಾರಿ ಇದೆ. ಬೆಳಗ್ಗೆ ಹತ್ತಕ್ಕೇ ಹೋಗಿ, ಅಂಗಡಿ ಹಿಂದಿನ ಪಾರ್ಕಿಂಗ್‌ನಲ್ಲಿ ನಿಲ್ಸಿ, ಫಲಕ ಓದಿ ನಿಲ್ಸಿ. ಅಮ್ಮ ಅಂಗಡಿ ನೋಡೋ ಹೊತ್ತಲ್ಲಿ ಅಪ್ಪನ್ನ ನಡೆಸ್ಕೊಂಡು ಸಭಾಭವನದ ಕಡೆ ಹೋಗಿ. ಮಧ್ಯಾಹ್ನ ಬಿಸಿಲಿಗೆ ಪಕ್ಕದ ಸೆರಿಟೋಸ್ ಲೈಬ್ರರಿ. 2002ರಲ್ಲಿ ಹೊಸ ರೂಪ ಕೊಟ್ಟಿದ್ದು, ಹೊರಗೋಡೆಗೆ ಟೈಟೇನಿಯಂ ತಗಡು, ಒಳಗೆ ಸಮುದ್ರದ ಮೀನಿನ ದೊಡ್ಡ ತೊಟ್ಟಿ, ಡೈನೊಸಾರ್ ಅಸ್ಥಿಪಂಜರದ ಪ್ರತಿಕೃತಿ. ಹಸು ಕಟ್ಟಿದ ನೆಲದ ಮೇಲೆ ನಿಂತಿದೆ ಅದು. ಅಲ್ಲೇ ಪ್ಯಾಟ್ ನಿಕ್ಸನ್ ಪಾರ್ಕ್ ಇದೆ. ಅಧ್ಯಕ್ಷ ನಿಕ್ಸನ್ ಹೆಂಡತಿ ಬೆಳೆದಿದ್ದು ಅಲ್ಲಿನ ತರಕಾರಿ ತೋಟದ ಮನೇಲಿ.

ಇರ್ವೈನ್ ಇಡ್ಲಿ
ಬಂದ ಮೇಲೆ ಬರೀರಿ, ಕಾಯ್ತಿರ್ತೀವಿ.

ಚನ್ರಾಯಪಟ್ಣದ ಮಗಳು
ನಿನ್ನೆ ರಾತ್ರಿ ವಾಪಸ್ ಬಂದ್ವಿ. ಸ್ವಲ್ಪ ಉದ್ದ ಆಗತ್ತೆ, ಓದಿ.

ಅಮ್ಮನ್ನ ಒಂದು ಸೀರೆ ಅಂಗಡೀಲಿ ಮನೆಯವರ ಜೊತೆ ಬಿಟ್ಟು, ಅಪ್ಪನ್ನ ಕರ್ಕೊಂಡು ಬಸಣ್ಣ ಹೇಳಿದ ಹಾಗೆ ನಡೆದೆ. ಪಯೊನಿಯರ್ ದಾಟಿ ಎರಡು ಬೀದಿ ಒಳಗೆ ಹೋದ್ರೆ ಅಗರಬತ್ತಿ ವಾಸನೆ, ಹಾಡು ಎಲ್ಲಾ ನಿಂತು ಹೋಗತ್ತೆ. ಚಿಕ್ಕ ಚಿಕ್ಕ ಮನೆ, ಮುಂದೆ ಗುಲಾಬಿ, ನಿಂಬೆಗಿಡ. ಒಂದು ಮನೆ ಬಾಗಿಲಿಗೆ ಮಾವಿನೆಲೆ ತೋರಣ, ಅದರ ಪಕ್ಕದ ಮನೆ ಗೋಡೆ ಮೇಲೆ ನೀಲಿ ಹೆಂಚಲ್ಲಿ ಬರೆದ ಮೇರಿ ಮಾತೆ.

ಸಭಾಭವನ ಮುಚ್ಚಿತ್ತು. ಹೊರಗೆ ಒಬ್ಬ ಅಜ್ಜ ಗುಡಿಸ್ತಿದ್ರು, ತಲೆಗೆ ಟೋಪಿ. ನಾನು ಇಂಗ್ಲಿಷಲ್ಲಿ, ನಮ್ಮಪ್ಪ ಊರಲ್ಲಿ ಹಾಲಿನ ಸಂಘ ನೋಡ್ಕೋತಿದ್ರು ಅಂದೆ. ಪೊರಕೆ ಗೋಡೆಗೆ ಒರಗಿಸಿಬಿಟ್ರು. ಅವರ ತಂದೆ ಅಜೋರ್ಸ್‌ನಿಂದ ಬಂದು ಡಚ್ಚರ ಡೇರೀಲಿ ಹಾಲು ಕರೆಯೋ ಕೂಲಿ ಮಾಡಿ, ಆಮೇಲೆ ಸ್ವಂತ ಹಸು ಕಟ್ಟಿದೋರಂತೆ. ಇವರು ಹುಡುಗರಿದ್ದಾಗ ಬೆಳಗಿನ ಜಾವ ಎರಡಕ್ಕೆ ಎದ್ದು ಕೊಟ್ಟಿಗೆಗೆ ಹೋಗ್ತಿದ್ರಂತೆ.

ಅಪ್ಪ ಏನೂ ಹೇಳದೆ ಬಲಗೈ ಮುಂದೆ ಚಾಚಿ, ಮುಷ್ಟಿ ಮಾಡಿ, ಮೇಲಿಂದ ಕೆಳಗೆ ಒಂದೊಂದೇ ಬೆರಳು ಬಿಗಿ ಹಿಡಿದು ತೋರಿಸಿದ್ರು. ಆ ಅಜ್ಜ ನಕ್ಕು, ತಮ್ಮ ಹೆಬ್ಬೆರಳು ಒಳಗೆ ಮಡಚಿ ಗೆಣ್ಣಿಂದ ಒತ್ತಿ ತೋರಿಸಿದ್ರು. ಅಪ್ಪ "ಅಯ್ಯೋ ಹಾಗಲ್ಲ, ಹಾಗೆ ಕರೆದ್ರೆ ಮೊಲೆ ಗಾಯ ಆಗತ್ತೆ" ಅಂತ ಕನ್ನಡದಲ್ಲೇ ಹೇಳಿ, ಅವರ ಕೈ ಹಿಡಿದು ಹೆಬ್ಬೆರಳು ಹೊರಗೆ ತೆಗೆದು ಬೆರಳು ಸರಿ ಮಾಡಿದ್ರು. ಊರಲ್ಲಿ ಹೊಸ ಸದಸ್ಯರಿಗೆ ಹೇಳಿಕೊಡ್ತಿದ್ದ ಹಾಗೇ. ಅಜ್ಜ ತಮ್ಮ ತಂದೇನೂ ಇದೇ ಮಾತಿಗೆ ಬೈತಿದ್ರು ಅಂದ್ರು. ಇಬ್ಬರ ಕೈಲೂ ಅದೇ ಜಾಗದಲ್ಲಿ ಗಂಟು, ತೋರುಬೆರಳಿನ ಬುಡದಲ್ಲಿ. ನಾನು ಹುಟ್ಟಿದಾಗಿಂದ ನೋಡಿದ ಕೈ ಅದು, ಆ ಗಂಟು ಯಾಕೆ ಬಂತು ಅಂತ ಮೊನ್ನೆ ತನಕ ಕೇಳಿರಲಿಲ್ಲ.

ಒಂದೂವರೆ ಗಂಟೆ ಅಲ್ಲೇ ಮೆಟ್ಟಿಲ ಮೇಲೆ ಕೂತ್ರು. ನಾನು ಆ ಕಡೆ ಈ ಕಡೆ ಮಾತು ಸಾಗಿಸಿದೆ. ಸಂಘ ಅಂದ್ರೇನು, ಎರಡು ಹಸು ಇರೋರ ಹಾಲೂ ಒಂದೇ ಕ್ಯಾನಿಗೆ ಹೇಗೆ ಬರತ್ತೆ, ಬಟವಾಡೆ ಯಾವ ದಿನ ಅಂತ ಅಜ್ಜ ಕೇಳ್ತಾ ಹೋದ್ರು. ಡೇರಿ ಮಾರಿದ ದಿನದ ವಿಷಯ ಬಂದಾಗ ಮಾತ್ರ ಸುಮ್ಮನಾದ್ರು. ಅಪ್ಪಾನೂ ಕೇಳಲಿಲ್ಲ.

ಲೈಬ್ರರಿಗೆ ಹೋಗೋಕೆ ಆಗಲಿಲ್ಲ ಬಸಣ್ಣಾವ್ರೆ. ಸಮುದ್ರಕ್ಕೆ ಹೋದ್ವಿ, ಅಮ್ಮ ಮಂಡಿ ತನಕ ನೀರಲ್ಲಿ ನಿಂತ್ರು.

ಕುಂದಾಪ್ರ ಕಡಲು
ಎರಡು ಗಂಟೆ ಸಾಕು ಅಂತ ನಾನು ಹೇಳಿದ್ದು ತಪ್ಪು. ಹತ್ತು ಸಲ ಹೋಗಿದ್ದೇನೆ, ಪಯೊನಿಯರ್ ದಾಟಿ ಒಳಗೆ ಒಮ್ಮೆಯೂ ಹೋಗ್ಲಿಲ್ಲ. ಮುಂದಿನ ವಾರ ಹೋಗ್ತೇನೆ.

ಬೆಲ್‌ಫ್ಲವರ್ ಬಸಣ್ಣ
ಲೈಬ್ರರಿ ಎಲ್ಲೂ ಹೋಗಲ್ಲ ಮಗಳೇ. ನನಗೆ ಬಹಳ ಸಂತೋಷ ಆಯ್ತು.

ಚನ್ರಾಯಪಟ್ಣದ ಮಗಳು
ಅಪ್ಪನ ಪ್ರಶ್ನೆ ಒಂದು ಉಳಿದಿದೆ. ಅಜ್ಜನಿಗೂ ಸರಿಯಾಗಿ ನೆನಪಿರಲಿಲ್ಲ. ಆ ಕಾಲದಲ್ಲಿ ಹಸು ದಿನಕ್ಕೆ ಎಷ್ಟು ಲೀಟರ್ ಕೊಡ್ತಿತ್ತು?

ರಿವರ್‌ಸೈಡ್ ರೈತ
ಇಡೀ ಅಮೆರಿಕದ ಸರಾಸರಿ ಹೇಳ್ತೀನಿ. 1950ರಲ್ಲಿ ಒಂದು ಹಸುವಿಗೆ ವರ್ಷಕ್ಕೆ ಸುಮಾರು 5,300 ಪೌಂಡ್. ವರ್ಷಕ್ಕೆ ಹಂಚಿದ್ರೆ ದಿನಕ್ಕೆ ಆರೂವರೆ ಲೀಟರ್ ಹತ್ತಿರ. ಈಗ 24,000 ಪೌಂಡ್ ದಾಟಿದೆ.

ಚನ್ರಾಯಪಟ್ಣದ ಮಗಳು
ಓದಿ ಹೇಳಿದೆ. "ಆರೂವರೆನಾ? ನಮ್ಮ ಗೌರಿ ಬೆಳಗ್ಗೆ ಒಂದು ಹೊತ್ತಿಗೇ ಏಳು ಕೊಡ್ತಿತ್ತು" ಅಂತ ಹೇಳಿ, ಈಗ ಊರಿಗೆ ಫೋನ್ ಹಚ್ಚಿ ಸಂಘದಲ್ಲಿ ಎಲ್ಲರಿಗೂ ಹೇಳ್ತಿದಾರೆ.